ಸೆಕೆಂಡ್ ಪಿಯುಸಿ ಫಿಸಿಕ್ಸ್: ಪುಸ್ತಕ ಮುಚ್ಚಿ ಮಾಡುವ ರಿವಿಜನ್

ಹೈಲೈಟರ್ ಹಿಡಿದು ನೋಟ್ಸನ್ನು ನಾಲ್ಕನೇ ಸಲ ಓದಿದಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಬಿಳಿ ಹಾಳೆ ಮುಂದಿಟ್ಟರೆ ಮೂರನೇ ಸಾಲಿಗೇ ಪೆನ್ನು ನಿಲ್ಲುತ್ತದೆ. ಥಿಯರಿಯ 70 ಅಂಕ ಸಿಗುವುದು ಬರೆದದ್ದಕ್ಕೆ; ರಿವಿಜನ್ನೂ ಬರೆದೇ ಆಗಬೇಕು.

ಡೆರಿವೇಶನ್‌ನಿಂದ, ಅಂದರೆ ಸೂತ್ರವನ್ನು ಹಂತಹಂತವಾಗಿ ಸಾಧಿಸುವುದರಿಂದ ಶುರುಮಾಡಿ. ವೃತ್ತಾಕಾರದ ಸುರುಳಿಯ ಅಕ್ಷದ ಮೇಲಿನ ಕಾಂತಕ್ಷೇತ್ರವನ್ನೇ ತೆಗೆದುಕೊಳ್ಳಿ. ಮೊದಲು ಚಿತ್ರ, ಅದರಲ್ಲಿ ಕರೆಂಟಿನ ಬಾಣ, ಆಮೇಲೆ ಬಯೋ-ಸವಾರ್ ನಿಯಮ (ತಂತಿಯ ಒಂದು ಸಣ್ಣ ತುಣುಕಿನ ಕರೆಂಟಿನಿಂದ ಬರುವ ಕಾಂತಕ್ಷೇತ್ರ ಎಷ್ಟೆಂದು ಹೇಳುವುದು). ಹೆಚ್ಚಿನವರು ಬಿಡುವುದು ಒಂದು ವಾಕ್ಯ: ಎದುರುಬದುರಿನ ತುಣುಕುಗಳಿಂದ ಬರುವ, ಅಕ್ಷಕ್ಕೆ ಲಂಬವಾದ ಘಟಕಗಳು ಒಂದನ್ನೊಂದು ರದ್ದುಮಾಡುತ್ತವೆ. ಅದಿಲ್ಲದೆ ಅಕ್ಷದ ಘಟಕವನ್ನಷ್ಟೇ ಕೂಡಿದ್ದೇಕೆ ಅನ್ನುವುದಕ್ಕೆ ಉತ್ತರವಿಲ್ಲ. ಎಲ್ಲಿ ನಿಂತಿತೋ ಅಲ್ಲಿ ಕೆಂಪು ಗೆರೆ ಎಳೆದು, ಆ ಸಾಲನ್ನಷ್ಟೇ ನೋಡಿ, ಪುಸ್ತಕ ಮುಚ್ಚಿ, ಮೊದಲಿನಿಂದ ಬರೆಯಿರಿ. ಕೊನೆಗೆ ಸೂತ್ರದಲ್ಲಿ ದೂರವನ್ನು ಸೊನ್ನೆ ಮಾಡಿ ನೋಡಿ. ಸುರುಳಿಯ ಕೇಂದ್ರದ ಸೂತ್ರ ಬರಲೇಬೇಕು. ಬರದಿದ್ದರೆ ನಡುವೆ ಎಲ್ಲೋ ಎಡವಿದ್ದೀರಿ. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ.

ನ್ಯೂಮರಿಕಲ್‌ನಲ್ಲಿ ಸೂತ್ರ, ಹಂತಗಳಿಲ್ಲದೆ ಬರೀ ಉತ್ತರ ಬರೆದರೆ ಅಂಕವಿಲ್ಲ ಎಂದು ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ ಇರುತ್ತದೆ. ಆದರೆ ಅಂಕ ಸೋರುವುದು ಬಹಳ ಸಲ ಯೂನಿಟ್‌ನಲ್ಲಿ. 400 ನ್ಯಾನೋಮೀಟರ್ ಬೆಳಕು, ಲೋಹದಿಂದ ಎಲೆಕ್ಟ್ರಾನ್ ಹೊರಬರಲು ಬೇಕಾದ ಕನಿಷ್ಠ ಶಕ್ತಿ, ಅಂದರೆ ವರ್ಕ್ ಫಂಕ್ಷನ್, 2.1 ಎಲೆಕ್ಟ್ರಾನ್ ವೋಲ್ಟ್. ಹೊರಬಂದ ಎಲೆಕ್ಟ್ರಾನ್‌ಗಳನ್ನು ತಡೆಯಲು ಬೇಕಾದ ವೋಲ್ಟೇಜ್, ಅಂದರೆ ಸ್ಟಾಪಿಂಗ್ ಪೊಟೆನ್ಶಿಯಲ್, ಎಷ್ಟು? ಫೋಟಾನ್ ಶಕ್ತಿ 4.97×10⁻¹⁹ ಜೌಲ್. ಒಂದು ಎಲೆಕ್ಟ್ರಾನ್ ವೋಲ್ಟ್ ಅಂದರೆ 1.6×10⁻¹⁹ ಜೌಲ್; ಅದರಿಂದ ಭಾಗಿಸಿದರೆ 3.11 ಎಲೆಕ್ಟ್ರಾನ್ ವೋಲ್ಟ್, 2.1 ಕಳೆದರೆ 1.01. ಉತ್ತರ 1.01 ವೋಲ್ಟ್. ಜೌಲ್‌ನಿಂದಲೇ ನೇರವಾಗಿ 2.1 ಕಳೆದವರಿಗೆ ಮೈನಸ್ ಉತ್ತರ ಬರುತ್ತದೆ. ಅದನ್ನು ಕಂಡೂ ಮುಂದಿನ ಪ್ರಶ್ನೆಗೆ ಹೋಗುವವರಿದ್ದಾರೆ!

ತಪ್ಪುಗಳಿಗೆ ಬೇರೆ ಪುಸ್ತಕವಿಡಿ. ಅದರಲ್ಲಿ 'ಸಿಲ್ಲಿ ಮಿಸ್ಟೇಕ್' ಎಂದು ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಯೂನಿಟ್ಟೋ, ಚಿಹ್ನೆಯೋ, ಸೂತ್ರವೋ, ಪ್ರಶ್ನೆ ಓದಿದ್ದೇ ತಪ್ಪೋ, ಅದನ್ನು ಬರೆಯಿರಿ. ನಿಮ್ನ ಮಸೂರದ ಸಂಗಮ ದೂರಕ್ಕೆ ಮೈನಸ್ ಹಾಕುವುದು ಮೂರು ಸಲ ಮರೆತಿದ್ದರೆ, ಅಂದು ಬರೀ ಮಸೂರದ್ದೇ ಐದು ಲೆಕ್ಕ ಮಾಡಿ.

ಒಂದಂಕದ ಪ್ರಶ್ನೆಗಳಿಗೆ ದಿನಕ್ಕೆ ಹತ್ತು ನಿಮಿಷ ಸಾಕು. ಪಠ್ಯದ ಸಾಲುಗಳನ್ನು ಬಿಡದೆ ಓದಿರಬೇಕು, ಅಷ್ಟೇ.

ಪರೀಕ್ಷೆಗೆ ಮುಂಚೆ ಕನಿಷ್ಠ ಮೂರು ಪೂರ್ತಿ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ತಿದ್ದುವಾಗ ವ್ಯಾಲ್ಯುಯೇಶನ್ ಸ್ಕೀಮ್ (ಯಾವ ಹಂತಕ್ಕೆ ಎಷ್ಟು ಅಂಕ ಎಂಬ ಪಟ್ಟಿ) ಪಕ್ಕದಲ್ಲಿಟ್ಟುಕೊಂಡು, ಅಂಕ ಯಾವ ಸಾಲಿಗೆ ಬಿದ್ದಿದೆ ನೋಡಿ. ಅಗತ್ಯವಿರುವ ಕಡೆ ಚಿತ್ರ ಬಿಟ್ಟರೆ ಉತ್ತರಕ್ಕೆ ಅಂಕವಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಹೊಸ ಪಾಠ ತೆಗೆಯಬೇಡಿ. ತಪ್ಪುಗಳ ಪುಸ್ತಕ ಓದಿ, ಎಸಿಯನ್ನು ಡಿಸಿ ಮಾಡುವ ಪೂರ್ಣ ತರಂಗ ರೆಕ್ಟಿಫೈಯರ್‌ನಂಥ ಸರ್ಕ್ಯೂಟ್‌ಗಳನ್ನು ಒಂದೊಂದು ಸಲ ಬಿಡಿಸಿ: ಎರಡೂ ಡಯೋಡ್‌ಗಳ ಬಾಣ ಲೋಡ್ ಕಡೆಗೇ ಇದೆಯೇ, ಸೆಂಟರ್ ಟ್ಯಾಪ್ ಲೋಡಿನ ಇನ್ನೊಂದು ತುದಿಗೆ ಸೇರಿದೆಯೇ?