ಹಡಗು ಹತ್ತುವ ಮುಂಚೆ ಮನೆಗೊಂದು ಫೋನ್

ಒಬ್ಬ ಎಬಿಯನ್ನೋ (ಡೆಕ್ಕಿನ ಅನುಭವಿ ನಾವಿಕ) ಆಯ್ಲರನ್ನೋ (ಎಂಜಿನ್ ರೂಮಿನ ಕೆಲಸಗಾರ) ಹಡಗಿಗೆ ಕಳಿಸುವ ಮುಂಚೆ ನಾನು ಅವರ ಮನೆಗೆ ಒಂದು ಫೋನ್ ಮಾಡುತ್ತೇನೆ. ಹೆಂಡತಿ ಜೊತೆ ಮಾತಾಡುತ್ತೇನೆ, ಮದುವೆಯಾಗಿಲ್ಲದಿದ್ದರೆ ಅಮ್ಮನ ಜೊತೆ. ಹದಿನೈದು-ಇಪ್ಪತ್ತು ನಿಮಿಷ ಸಾಕು. ಇದು ಆಫೀಸಿನ ಚೆಕ್‌ಲಿಸ್ಟಿನಲ್ಲಿ ಇಲ್ಲ. ಯಾವ ಆಡಿಟರೂ ಕೇಳುವುದಿಲ್ಲ. ಆದರೂ 2014ರಿಂದ ಬಿಟ್ಟಿಲ್ಲ.

ನಾನು ಕುಮಟಾದವಳು. ಬಿಕಾಂ ಮುಗಿಸಿ ಮುಂಬೈಗೆ ಬಂದೆ. ನವಿ ಮುಂಬೈಯ ಬೇಲಾಪುರದಲ್ಲಿ ಒಂದು ಮ್ಯಾನಿಂಗ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮೊದಲ ಐದು ವರ್ಷ ಸಂಬಳದ ಲೆಕ್ಕ, ಆಮೇಲೆ ಸಿಬ್ಬಂದಿ ಆಯ್ಕೆ. ಹಡಗಿನ ಮಾಲೀಕ ಒಂದು ದೇಶದವನು, ಹಡಗಿನ ಬಾವುಟ ಪನಾಮಾದ್ದೋ ಲೈಬೀರಿಯಾದ್ದೋ, ಒಳಗೆ ದುಡಿಯುವವರು ನಮ್ಮವರು. ಅವರನ್ನು ಹುಡುಕಬೇಕು, ಕಾಗದಪತ್ರ ನೋಡಬೇಕು, ಕಳಿಸಬೇಕು, ಸಂಬಳ ಮನೆ ಸೇರುವಂತೆ ನೋಡಿಕೊಳ್ಳಬೇಕು, ಕಾಂಟ್ರಾಕ್ಟ್ ಮುಗಿದ ಮೇಲೆ ವಾಪಸ್ ಕರೆಸಿಕೊಳ್ಳಬೇಕು. ಇದಕ್ಕೆ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್ ಕೊಡುವ ಲೈಸೆನ್ಸ್ ಬೇಕು. ನಮ್ಮ ಲೈನಿನಲ್ಲಿ ಅದನ್ನು ಆರ್‌ಪಿಎಸ್‌ಎಲ್ ಅನ್ನುತ್ತಾರೆ.

ಈ ಫೋನಿನ ಅಭ್ಯಾಸ ಶುರುವಾಗಿದ್ದು ಒಂದು ಸಾವಿನಿಂದ.

2014ರ ಮಳೆಗಾಲ. ಅಂಕೋಲಾ ಕಡೆಯ ಒಬ್ಬ ಆಯ್ಲರ್, 43 ವರ್ಷ. ಹಡಗು ಬ್ರೆಜಿಲ್‌ನಲ್ಲಿ ಕಬ್ಬಿಣದ ಅದಿರು ತುಂಬಿಕೊಂಡು ಚೀನಾಕ್ಕೆ ಹೊರಟಿತ್ತು. ಬೆಳಗಿನ ವಾಚ್, ಅಂದರೆ ಪಾಳಿ, ಮುಗಿಸಿ ಕ್ಯಾಬಿನ್‌ಗೆ ಹೋಗಿ ಮಲಗಿದವರು ಏಳಲಿಲ್ಲ. ಕ್ಯಾಪ್ಟನ್ ಮೇಲ್ ಬಂದ ತಕ್ಷಣ ಫೈಲ್ ತೆಗೆದೆ. ಹತ್ತಿರದ ಸಂಬಂಧಿ ಅನ್ನುವ ಜಾಗದಲ್ಲಿ ಅವರ ಅಪ್ಪನ ಹೆಸರಿತ್ತು. ಕೊಟ್ಟಿದ್ದ ಲ್ಯಾಂಡ್‌ಲೈನ್ ಬಂದಾಗಿತ್ತು. ಅಪ್ಪ ತೀರಿಹೋಗಿ ಆರು ವರ್ಷವಾಗಿದೆ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದಾರೆ ಅನ್ನುವುದು ನಮಗೆ ಗೊತ್ತಾಗುವಷ್ಟರಲ್ಲಿ ಒಂದಿಡೀ ದಿನ ಕಳೆದಿತ್ತು. ಅದೇ ಹಡಗಿನಲ್ಲಿದ್ದ ಪಕ್ಕದ ಊರಿನ ಹುಡುಗ ಅಷ್ಟರಲ್ಲಿ ಮನೆಗೆ ಸುದ್ದಿ ಮುಟ್ಟಿಸಿದ್ದ. ಆಫೀಸಿನಿಂದ ಹೋಗಬೇಕಿದ್ದ ಮಾತು ಹಾಗೆ ದಾರಿ ತಪ್ಪಿ ಹೋಯಿತು.

ಆ ಹಳೆಯ ಹೆಸರನ್ನು ಪ್ರತಿ ಕಾಂಟ್ರಾಕ್ಟಿಗೂ ಹಳೆ ಫಾರ್ಮಿನಿಂದ ಹೊಸ ಫಾರ್ಮಿಗೆ ಇಳಿಸಿದ್ದು ನಮ್ಮ ಆಫೀಸು. ಕೊನೆಯ ಎರಡು ಸಲ ಇಳಿಸಿದ್ದು ನಾನೇ. ಅವರು ಬಂದು ಸಹಿ ಹಾಕಿದರು, ನಾನು ಸೀಲ್ ಒತ್ತಿದೆ.

ಹಡಗು ಸಿಂಗಾಪುರ ಮುಟ್ಟಿ, ದೇಹ ಊರಿಗೆ ಬರುವ ಹೊತ್ತಿಗೆ 19 ದಿನ. ಪರಿಹಾರದ ಹಣಕ್ಕೆ ಅದಕ್ಕಿಂತ ಜಾಸ್ತಿ ಕಾಯಬೇಕಾಯಿತು. ಮೃತರ ಅಣ್ಣ ತಕರಾರು ಎತ್ತಿದ. ವಾರಸುದಾರರು ಯಾರು ಅಂತ ಕೋರ್ಟಿನಿಂದ ಪತ್ರ ತರಬೇಕಾಯಿತು. 14 ತಿಂಗಳು. ಆ ಹೆಂಗಸು ಒಮ್ಮೆ ಬೇಲಾಪುರಕ್ಕೆ ಬಂದಿದ್ದರು. ನನ್ನ ಮೇಜಿನ ಎದುರು ಕೂತು ಒಂದೇ ಮಾತು ಕೇಳಿದರು: "ಮೇಡಂ, ಅವ್ರು ಇದ್ದ ಹಡಗಿನ ಹೆಸ್ರೇ ನಂಗೆ ಗೊತ್ತಿರ್ಲಿಲ್ಲ. ಯಾರನ್ನ ಕೇಳ್ಬೇಕಿತ್ತು ನಾನು?"

ಅದಕ್ಕೇ ನನ್ನ ಫೋನಿನ ಮೊದಲ ಮಾತು ಹಡಗಿನ ಹೆಸರು. "ಪೆನ್ನು ಹಿಡ್ಕೊಳ್ಳಿ ಅಕ್ಕಾ" ಅನ್ನುತ್ತೇನೆ. ಹಡಗಿನ ಹೆಸರು, ಅದರ ಐಎಂಒ ನಂಬರ್ (ವಿಶ್ವಸಂಸ್ಥೆಯ ಕಡಲ ಸಂಸ್ಥೆ ಐಎಂಒ ಪದ್ಧತಿಯ ಗುರುತಿನ ಸಂಖ್ಯೆ), ನಮ್ಮ ಆಫೀಸಿನ ಹೆಸರು, ರಾತ್ರಿ ಕೂಡ ಎತ್ತುವ ಒಂದು ಫೋನ್ ನಂಬರ್. ಹಡಗಿನ ಹೆಸರು ಮಾರಾಟವಾದಾಗ ಬದಲಾಗುತ್ತದೆ, ಏಳಂಕಿಯ ಐಎಂಒ ನಂಬರ್ ಬದಲಾಗುವುದಿಲ್ಲ. ಬರೆದದ್ದನ್ನು ವಾಪಸ್ ಓದಿಸಿಕೊಳ್ಳುತ್ತೇನೆ. ಆಮೇಲೆ ನಾಮಿನಿ ವಿಷಯ. ಇಲ್ಲಿ ಬಹಳ ಜನ ಎಡವುತ್ತಾರೆ. ನಾಮಿನಿ ಒಂದೇ ಕಡೆ ಬರೆದರೆ ಮುಗಿಯುವುದಿಲ್ಲ. ನಮ್ಮ ಕಾಂಟ್ರಾಕ್ಟ್ ಫಾರ್ಮು ಬೇರೆ. ಭಾರತದ ಬಾವುಟದ ಹಡಗಿನಲ್ಲಿ ದುಡಿದು 1966ರ ಕಾಯ್ದೆಯ ಸೀಮೆನ್ಸ್ ಪ್ರಾವಿಡೆಂಟ್ ಫಂಡ್‌ಗೆ ಹಣ ಕಟ್ಟಿದ್ದರೆ ಅದರ ಫಾರ್ಮು ಬೇರೆ. ಯೂನಿಯನ್ ಸದಸ್ಯರಾಗಿದ್ದರೆ ಅದು ಬೇರೆ. ಬ್ಯಾಂಕು, ಎಲ್‌ಐಸಿ ಬೇರೆ. ಮದುವೆಯಾದ ವರ್ಷ ಇಷ್ಟೂ ಕಡೆ ಹೋಗಿ ಹೆಸರು ಬದಲಿಸಬೇಕು. ಗಂಡಸರಿಗೆ ಇದನ್ನು ಹೇಳಿದರೆ "ಹ್ಞೂಂ ಮೇಡಂ" ಅಂದು ಹೋಗುತ್ತಾರೆ. ಮನೆಯಲ್ಲಿ ಹೇಳಿದರೆ ಕೆಲಸ ಆಗುತ್ತದೆ.

ಆಯ್ಕೆ ಹೇಗೆ ಮಾಡುತ್ತೇನೆ ಅಂತಲೂ ಹೇಳಬೇಕು. ಮಾಲೀಕರಿಂದ ಎರಡು-ಮೂರು ತಿಂಗಳು ಮುಂಚೆ ಪಟ್ಟಿ ಬರುತ್ತದೆ. ಯಾವ ಹಡಗಿನಲ್ಲಿ ಯಾರ ಕಾಂಟ್ರಾಕ್ಟ್ ಮುಗಿಯುತ್ತದೆ, ಯಾರಿಗೆ ರಿಲೀವರ್ ಬೇಕು ಅಂತ. ಪಾಸ್‌ಪೋರ್ಟ್, ಸಿಡಿಸಿ ಅನ್ನುವ ನಾವಿಕರ ಸೇವಾ ಪುಸ್ತಕ, ಭಾರತದ ನಾವಿಕರ ನೋಂದಣಿಯ ಇಂಡೋಸ್ ನಂಬರ್, ಎಸ್‌ಟಿಸಿಡಬ್ಲ್ಯೂ ಅನ್ನುವ ಅಂತರರಾಷ್ಟ್ರೀಯ ತರಬೇತಿ ನಿಯಮದ ಕೋರ್ಸುಗಳು, ಹಳದಿ ಜ್ವರದ ಲಸಿಕೆ, ಅಮೆರಿಕಕ್ಕೆ ಹೋಗುವ ಹಡಗಾದರೆ ಸಿ1/ಡಿ ವೀಸಾ. ಇವನ್ನು ಯಾರು ಬೇಕಾದರೂ ತಾಳೆ ನೋಡಬಹುದು. ನಾನು ಹೆಚ್ಚು ಹೊತ್ತು ಕೂರುವುದು ಸಿಡಿಸಿಯ ಡಿಸ್ಚಾರ್ಜ್ ಪುಟಗಳ ಮೇಲೆ. ಯಾವ ದಿನ ಹತ್ತಿದ, ಯಾವ ದಿನ ಇಳಿದ ಅಂತ ಅಲ್ಲಿ ಸೀಲ್ ಇರುತ್ತದೆ. ಒಂಬತ್ತು ತಿಂಗಳ ಕಾಂಟ್ರಾಕ್ಟಿಗೆ ಹೋದವನು ಮೂರೇ ತಿಂಗಳಿಗೆ ಇಳಿದಿದ್ದರೆ ಕಾರಣ ಕೇಳುತ್ತೇನೆ. ಒಬ್ಬ ಮೋಟರ್‌ಮನ್ ಹೀಗೆ ಇಳಿದಿದ್ದ. ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ, ಎರಡು ತಿಂಗಳು ಸಂಬಳ ಬಂದಿರಲಿಲ್ಲ, ಕುಡಿಯುವ ನೀರಿಗೂ ಕಷ್ಟ ಇತ್ತು, ಅದಕ್ಕೇ ಜಗಳ ಮಾಡಿ ಇಳಿದೆ ಅಂತ. ಅಂಥವನನ್ನು ನಾನು ಬಿಡುವುದಿಲ್ಲ. ಅವನು ನಮ್ಮ ಹಡಗುಗಳಿಗೆ ಈಗ ಐದನೇ ಸಲ ಹೋಗಿದ್ದಾನೆ.

ಎರಡು ತಿಂಗಳು ಅಂದೆನಲ್ಲ, ಅದು ಈಗ ಕಾನೂನಿನಲ್ಲೇ ಇರುವ ಗಡುವು. ನಾವಿಕರಿಗಾಗಿ ಮಾಡಿದ 2006ರ ಅಂತರರಾಷ್ಟ್ರೀಯ ಒಪ್ಪಂದವನ್ನು ನಮ್ಮವರು ಎಂಎಲ್‌ಸಿ ಅನ್ನುತ್ತಾರೆ. ಅದು 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಒಪ್ಪಿ ಸಹಿ ಹಾಕಿತು. 2017ರ ಜನವರಿಯಿಂದ ಅದರಲ್ಲಿ ಒಂದು ತಿದ್ದುಪಡಿ ಜಾರಿಯಲ್ಲಿದೆ. ಎರಡು ತಿಂಗಳು ಸಂಬಳ ಕೊಡದ ಮಾಲೀಕ ನಾವಿಕರನ್ನು ಕೈಬಿಟ್ಟಂತೆಯೇ ಲೆಕ್ಕ. ಬಾಕಿ ಸಂಬಳಕ್ಕೂ ಊರಿಗೆ ಬರುವ ಖರ್ಚಿಗೂ ವಿಮೆಯ ಭದ್ರತೆ ಇರಬೇಕು, ಅದರ ಸರ್ಟಿಫಿಕೇಟನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿರಬೇಕು. ಹಡಗು ಹತ್ತಿದ ದಿನವೇ ಅದರ ಫೋಟೋ ತೆಗೆದು ಮನೆಗೆ ಕಳಿಸು ಅಂತ ಪ್ರತಿಯೊಬ್ಬನಿಗೂ ಹೇಳುತ್ತೇನೆ.

ಸಂಬಳದ ಬಗ್ಗೆ ಮನೆಯವರಿಗೆ ಇರುವ ತಪ್ಪು ತಿಳಿವಳಿಕೆ ಜಾಸ್ತಿ. ತಿಂಗಳಿಗೆ ಇಷ್ಟು ಡಾಲರ್ ಅಂದ ತಕ್ಷಣ ಅದನ್ನು ಹನ್ನೆರಡರಿಂದ ಗುಣಿಸುತ್ತಾರೆ. ಸಾಲ ಮಾಡಿ ಮನೆಗೆ ಪಾಯ ಹಾಕುತ್ತಾರೆ. ಆದರೆ ವಿದೇಶಿ ಹಡಗಿನ ಕಾಂಟ್ರಾಕ್ಟಿನಲ್ಲಿ ಸಂಬಳ ಹಡಗಿನಲ್ಲಿರುವಷ್ಟು ದಿನ ಮಾತ್ರ. ಇಳಿದು ಮನೆಯಲ್ಲಿ ಕೂತರೆ ಸಾಮಾನ್ಯವಾಗಿ ಏನೂ ಇಲ್ಲ. ತಿಂಗಳಿಗೆ ಕನಿಷ್ಠ ಎರಡೂವರೆ ದಿನದ ಹಾಗೆ ರಜೆ ಸಂಬಳ ಸಿಗುತ್ತದೆ. ಕೆಲವರು ಅದನ್ನು ತಿಂಗಳ ಸಂಬಳದಲ್ಲೇ ಸೇರಿಸಿ ಕೊಡುತ್ತಾರೆ, ಕೆಲವರು ಇಳಿಯುವಾಗ ಒಟ್ಟಿಗೆ ಕೊಡುತ್ತಾರೆ. ಇದನ್ನೆಲ್ಲ ಫೋನಿನಲ್ಲಿ ಬಿಡಿಸಿ ಹೇಳುತ್ತೇನೆ. ಬೇಸಿಕ್ ಎಷ್ಟು, ಓವರ್‌ಟೈಂ ಎಷ್ಟು, ರಜೆಯದ್ದು ಎಷ್ಟು. ಒಂಬತ್ತು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಸಂಸಾರ ನಡೆಯಬೇಕು ಅಂತ ನೇರವಾಗಿ ಹೇಳುತ್ತೇನೆ.

ಅಲಾಟ್‌ಮೆಂಟ್ ಅನ್ನುವುದು ಹಡಗಿನವನು ಮನೆಗೆ ಕಳಿಸಲು ಬರೆದುಕೊಡುವ ಪಾಲು. ಅಮ್ಮನ ಖಾತೆಗೋ ಹೆಂಡತಿಯ ಖಾತೆಗೋ ಅನ್ನುವ ಕಡೆ ಮನೆ ಒಡೆದದ್ದನ್ನು ನೋಡಿದ್ದೇನೆ. ನಾನು ತೀರ್ಮಾನ ಹೇಳುವುದಿಲ್ಲ, ಅದು ಅವರ ದುಡ್ಡು. ಆದರೆ ಎರಡು ಖಾತೆಗೆ ಬೇರೆ ಬೇರೆ ಕಳಿಸಲು ಬರುತ್ತದೆ ಅಂತ ಮಾತ್ರ ಹೇಳುತ್ತೇನೆ. ಬಹಳ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಒಂದು ಮಾತಿಗೆ ಎಷ್ಟೋ ಮನೆಗಳಲ್ಲಿ ಬಿಗಿ ಸಡಿಲವಾಗಿದೆ.

ಫೋನಿನಲ್ಲೇ ಗೊತ್ತಾದ ಇನ್ನೊಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. 2018ರಲ್ಲಿ ಹೊನ್ನಾವರ ಕಡೆಯ ಒಬ್ಬ ಹುಡುಗ, ಜಿಪಿ ರೇಟಿಂಗ್ ಅನ್ನುವ ನಾವಿಕರ ಆರಂಭದ ತರಬೇತಿ ಮುಗಿಸಿದವನು, ಮೊದಲ ಹಡಗು. ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಆಕೆ ಹೇಳಿದರು: "ಆಯ್ತಮ್ಮಾ. ಬಾಕಿ ಒಂದು ಲಕ್ಷ ಮುಂದಿನ ತಿಂಗಳು ಕೊಡ್ತೇವೆ ಅಂತ ಹೇಳಿ. ಬಂಗಾರ ಬಿಡಿಸ್ಕೊಂಡಿಲ್ಲ ಇನ್ನೂ."

ನನಗೆ ಕೈಕಾಲು ತಣ್ಣಗಾಯಿತು. ಯಾರೋ ಮಧ್ಯದವನು ನಮ್ಮ ಆಫೀಸಿನ ಹೆಸರು ಹೇಳಿ ಎರಡು ಲಕ್ಷ ತಿಂದಿದ್ದ. ಹುಡುಗ ನನ್ನ ಎದುರು ಐದು ಸಲ ಕೂತಿದ್ದ, ಒಂದು ಮಾತು ಆಡಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಅಂತ ಹೆದರಿಸಿದ್ದರಂತೆ. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಎಂಎಲ್‌ಸಿಯ ಪ್ರಕಾರ ಅವನು ಖರ್ಚು ಮಾಡಬೇಕಾದದ್ದು ತನ್ನ ಪಾಸ್‌ಪೋರ್ಟ್, ಸಿಡಿಸಿ, ಮೆಡಿಕಲ್ ಸರ್ಟಿಫಿಕೇಟ್ ಇಷ್ಟಕ್ಕೆ ಮಾತ್ರ. ವೀಸಾ ಖರ್ಚು ಕೂಡ ಮಾಲೀಕನದ್ದು. ಪೊಲೀಸರಿಗೂ ಡಿಜಿ ಶಿಪ್ಪಿಂಗ್‌ಗೂ ದೂರು ಕೊಡಿಸಿದೆವು. ಅರ್ಧ ದುಡ್ಡು ವಾಪಸ್ ಬಂತು, ಅರ್ಧ ಹೋಯಿತು. ಹುಡುಗನ ಕೆಲಸ ಹೋಗಲಿಲ್ಲ, ನಾಲ್ಕು ದಿನ ತಡವಾಗಿ ಹಡಗು ಹತ್ತಿದ. ಅಂದಿನಿಂದ ಪ್ರತಿ ಮನೆಯಲ್ಲೂ ಬಾಯಿಬಿಟ್ಟು ಕೇಳುತ್ತೇನೆ, "ಯಾರಿಗಾದ್ರೂ ದುಡ್ಡು ಕೊಟ್ಟಿದ್ದೀರಾ?" ಕರಾವಳಿಯ ಹುಡುಗರಿಗೆ ನನ್ನದೊಂದು ಕೋರಿಕೆ. ಯಾವ ಆಫೀಸೇ ಆಗಲಿ, ಆರ್‌ಪಿಎಸ್‌ಎಲ್ ನಂಬರ್ ಕೇಳಿ. ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ. ಅಲ್ಲಿರುವ ನಂಬರಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ನಕಲಿ ಲೆಟರ್‌ಹೆಡ್ ಮಾಡುವುದು ಈಗ ಯಾರಿಗೂ ಕಷ್ಟವಲ್ಲ.

ಆರೋಗ್ಯದ ವಿಷಯವೂ ಹೀಗೇ. ಸಕ್ಕರೆ, ಬಿಪಿ ಇದ್ದರೂ ಮೆಡಿಕಲ್ ಫಾರ್ಮಿನಲ್ಲಿ ಇಲ್ಲ ಅಂತ ಬರೆಯುವವರಿದ್ದಾರೆ. ಹೇಳಿದರೆ ಕಳಿಸುವುದಿಲ್ಲ ಅನ್ನುವ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಹಡಗಿನಲ್ಲಿ ಕಾಯಿಲೆ ಬಿದ್ದರೆ ಚಿಕಿತ್ಸೆಯ ಖರ್ಚು ಮಾಲೀಕನದ್ದು. ಇಳಿದು ಊರಿಗೆ ಬಂದ ಮೇಲೂ ಗುಣವಾಗುವವರೆಗೆ ಅವನ ಜವಾಬ್ದಾರಿ ಇದೆ. ಅದಕ್ಕೆ ಮಿತಿ ಹಾಕಿದರೂ 16 ವಾರಕ್ಕಿಂತ ಕಡಿಮೆ ಮಾಡುವಂತಿಲ್ಲ. ಕಾಯಿಲೆಯನ್ನು ಬೇಕೆಂದೇ ಮುಚ್ಚಿಟ್ಟಿದ್ದರೆ ಮಾತ್ರ ಈ ರಕ್ಷಣೆ ತಪ್ಪಿಹೋಗಬಹುದು. ಒಬ್ಬ ಬೋಸನ್ (ಡೆಕ್ಕಿನ ನಾವಿಕರ ಮೇಸ್ತ್ರಿ) ಅವರ ಹೆಂಡತಿ ಫೋನಿನಲ್ಲಿ ಕೇಳಿದರು: "ಅವ್ರ ಬಿಪಿ ಮಾತ್ರೆ ಒಂಬತ್ತು ತಿಂಗಳದ್ದು ಒಟ್ಟಿಗೆ ಕಟ್ಟಿಕೊಡ್ಬಹುದಾ?" ಫಾರ್ಮಿನಲ್ಲಿ ಬಿಪಿಯ ಸುಳಿವೇ ಇರಲಿಲ್ಲ. ಅವರನ್ನು ಕರೆಸಿದೆ. ಅವರಿಗೆ ಸಿಟ್ಟು ಬಂತು, ಹೆಂಡತಿ ಮೇಲೆ ಅಲ್ಲ, ನನ್ನ ಮೇಲೆ. ಡಾಕ್ಟರ್ ಮತ್ತೆ ಪರೀಕ್ಷೆ ಮಾಡಿದರು. ಮಾತ್ರೆಯಲ್ಲಿ ಹಿಡಿತಕ್ಕೆ ಬಂದಿದೆ ಅಂತ ಬರೆದುಕೊಟ್ಟರು. ಮೂರು ವಾರ ತಡವಾಗಿ ಬೇರೆ ಹಡಗು ಹತ್ತಿದರು. ಆ ಕಾಂಟ್ರಾಕ್ಟಿನಲ್ಲೇ ಡರ್ಬನ್‌ನಲ್ಲಿ ಆಸ್ಪತ್ರೆ ಸೇರಬೇಕಾಯಿತು. ಪೂರ್ತಿ ಬಿಲ್ಲು ವಿಮೆಯಿಂದ ಹೋಯಿತು. ಫೈಲಿನಲ್ಲಿ ಆ ಒಂದು ಹಾಳೆ ಇತ್ತು, ಅಷ್ಟೇ.

2020ರಲ್ಲಿ ಈ ಫೋನ್ ನಂಬರುಗಳೇ ನಮ್ಮನ್ನು ಕಾಪಾಡಿದ್ದು. ವಿಮಾನ ನಿಂತುಹೋಯಿತು, ಬಂದರುಗಳು ಬಾಗಿಲು ಹಾಕಿದವು. ರಿಲೀವರ್ ಕಳಿಸಲು ಆಗಲಿಲ್ಲ. ಆ ವರ್ಷದ ಕೊನೆಗೆ ಜಗತ್ತಿನಲ್ಲಿ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಉಳಿದಿದ್ದರು ಅಂತ ಐಎಂಒ ಅಂದಾಜು ಮಾಡಿತ್ತು. ನಮ್ಮ ಒಬ್ಬ ಚೀಫ್ ಕುಕ್ 15 ತಿಂಗಳು ಇದ್ದರು. 11 ತಿಂಗಳಿಗಿಂತ ಜಾಸ್ತಿ ಇಡಬಾರದು ಅನ್ನುವುದು ನಿಯಮ. ನಾನು ಪ್ರತಿ ಶುಕ್ರವಾರ ಇಂಥ ಮನೆಗಳಿಗೆ ಫೋನ್ ಮಾಡುತ್ತಿದ್ದೆ. ಹೇಳಲು ಹೊಸದೇನೂ ಇಲ್ಲದ ವಾರವೂ ಮಾಡಿದೆ. ಕುಂದಾಪುರದ ಆ ಕುಕ್ ಹೆಂಡತಿ ಒಮ್ಮೆ ಹೇಳಿದರು, "ನೀವು ಏನೂ ಇಲ್ಲ ಅಂತ ಹೇಳೂಕಾದ್ರೂ ಫೋನ್ ಮಾಡ್ತ್ರಿ ಅಲ್ದಾ, ಅದೇ ಸಾಕ್." ಕೊನೆಗೆ ಕೊಚ್ಚಿಯ ಹೊರಗೆ ಹಡಗು ನಿಲ್ಲಿಸಿ, ದೋಣಿಯಲ್ಲಿ ಅವರನ್ನು ಇಳಿಸಿಕೊಂಡೆವು.

ಈಗ ನನ್ನ ಜೊತೆ ಇಬ್ಬರು ಹೊಸ ಹುಡುಗಿಯರು ಕೆಲಸ ಕಲಿಯುತ್ತಿದ್ದಾರೆ. ಒಬ್ಬಳಿಗೆ ಮರಾಠಿ, ಹಿಂದಿ ಬರುತ್ತದೆ. ಇನ್ನೊಬ್ಬಳಿಗೆ ಮಲಯಾಳಂ. ಆಯಾ ಭಾಷೆಯ ಮನೆಗಳಿಗೆ ಅವರೇ ಫೋನ್ ಮಾಡುತ್ತಾರೆ. ಕಾರವಾರದಿಂದ ಮಂಗಳೂರಿನವರೆಗಿನದು ನನ್ನ ಪಾಲು. ಕನ್ನಡವೋ ಕೊಂಕಣಿಯೋ, ಅವರು ಯಾವುದರಲ್ಲಿ ಶುರು ಮಾಡುತ್ತಾರೋ ಅದರಲ್ಲಿ.

ನಾಡಿದ್ದು ಇಬ್ಬರು ಸಿಂಗಾಪುರದಲ್ಲಿ ಹಡಗು ಹತ್ತಬೇಕು. ಒಬ್ಬನ ಮನೆಗೆ ನಿನ್ನೆ ಫೋನ್ ಆಯಿತು. ಇನ್ನೊಬ್ಬನ ಅಮ್ಮ ಮೀನು ಮಾರಿ ಮನೆಗೆ ಬರುವುದು ಮಧ್ಯಾಹ್ನ ಎರಡರ ಮೇಲೆ. ಆಗ ಮಾಡುತ್ತೇನೆ.