50 ಮಿಲಿಸೆಕೆಂಡಿನ ಕೆಲಸ

ಗೇಮ್ ಸರ್ವರ್ ಕಡೆಗೆ ಬರುವ ಮೊದಲು ನಾನು ವೆಬ್ ಬ್ಯಾಕೆಂಡ್ ಬರೆಯುತ್ತಿದ್ದೆ. ಫಾರ್ಮ್ ಬರುತ್ತದೆ, ಡೇಟಾಬೇಸ್‌ಗೆ ಹೋಗುತ್ತದೆ, ಉತ್ತರ ವಾಪಸ್. ಅರ್ಧ ಸೆಕೆಂಡ್ ತಡವಾದರೂ ಯಾರೂ ಕೇಳುತ್ತಿರಲಿಲ್ಲ. ಹೊಸ ಕೆಲಸದ ಮೊದಲ ವಾರವೂ ಅದೇ ಚಾಳಿ. ಆಟಗಾರ ಒಂದು ಹೆಜ್ಜೆ ಇಟ್ಟರೆ ಒಂದು ರಿಕ್ವೆಸ್ಟ್, ಪ್ರತಿ ಹೆಜ್ಜೆಯೂ ಡೇಟಾಬೇಸ್‌ಗೆ. ಟೀಮಿನ ಹಿರಿಯರೊಬ್ಬರು ನೋಡಿ, "ಏನಪ್ಪಾ, ಹೆಜ್ಜೆಹೆಜ್ಜೆಗೂ ರಸೀದಿ ಕೊಡ್ತೀಯಾ?" ಎಂದು ನಕ್ಕರು.

ಆಮೇಲೆ ಬೋರ್ಡ್ ಮೇಲೆ 50 ಎಂದು ಬರೆದರು. ನಮ್ಮ ಸರ್ವರ್ ಸೆಕೆಂಡಿಗೆ 20 ಟಿಕ್ ಓಡುತ್ತಿತ್ತು. ಅಂದರೆ ಪ್ರತಿ 50 ಮಿಲಿಸೆಕೆಂಡಿಗೊಮ್ಮೆ ಎಲ್ಲರ ಇನ್‌ಪುಟ್ ಓದಬೇಕು, ಆಟವನ್ನು ಒಂದು ಹೆಜ್ಜೆ ಮುಂದೆ ತಳ್ಳಬೇಕು, ಬದಲಾದದ್ದನ್ನು ಎಲ್ಲರಿಗೂ ಕಳಿಸಬೇಕು. ಶೂಟಿಂಗ್ ಆಟಗಳಲ್ಲಿ 128 ಟಿಕ್ ಕೂಡ ಉಂಟು. ಆಗ ಕೈಯಲ್ಲಿರುವುದು 8 ಮಿಲಿಸೆಕೆಂಡಿಗೂ ಕಡಿಮೆ. ಇದೆಲ್ಲ ಮೆಮೊರಿಯಲ್ಲೇ ಮುಗಿಯಬೇಕು. ಪಂದ್ಯ ಮುಗಿದ ಮೇಲೆ ಫಲಿತಾಂಶ ಡೇಟಾಬೇಸ್ ಸೇರಿದರೆ ಸಾಕು.

ಕಳಿಸಿದ್ದೆಲ್ಲ ಸಾಲಾಗಿ, ತಪ್ಪದೆ ತಲುಪುವಂತೆ ನೋಡಿಕೊಳ್ಳುವ ನೆಟ್‌ವರ್ಕ್ ವಿಧಾನ ಟಿಸಿಪಿ. ಅದರ ಮೇಲಿನ ನಂಬಿಕೆಯನ್ನೂ ಸ್ವಲ್ಪ ಬಿಡಬೇಕಾಯಿತು. ಅಲ್ಲಿ ಒಂದು ಪ್ಯಾಕೆಟ್ (ಡೇಟಾದ ತುಣುಕು) ಕಳೆದುಹೋದರೆ ಅದು ಮತ್ತೆ ಬರುವ ತನಕ ಆಮೇಲಿನವೆಲ್ಲ ಸಾಲಿನಲ್ಲಿ ಕಾಯುತ್ತವೆ. ಅಷ್ಟರಲ್ಲಿ ಆಟಗಾರ ಇನ್ನೆಲ್ಲಿಗೋ ಓಡಿರುತ್ತಾನೆ. ಅವನ ಹಳೇ ಜಾಗ ಯಾರಿಗೆ ಬೇಕು, ಅಲ್ವಾ? ಹಾಗಾಗಿ ಓಡಾಟಕ್ಕೆ, ಕಳೆದದ್ದಕ್ಕೆ ಕಾಯದ ಇನ್ನೊಂದು ವಿಧಾನ, ಯುಡಿಪಿ. ಚಾಟ್, ಖರೀದಿಯಂಥವು ಮಾತ್ರ ತಪ್ಪದೆ ತಲುಪಲೇಬೇಕು.

ಇನ್ನು ದೂರ. ಫೈಬರಿನಲ್ಲಿ 1000 ಕಿ.ಮೀ. ದಾಟಲು ಬೆಳಕಿಗೇ ಸುಮಾರು 5 ಮಿಲಿಸೆಕೆಂಡ್ ಬೇಕು. ಯಾವ ಕೋಡ್ ಬರೆದರೂ ಅದು ಇಳಿಯದು. ಅದಕ್ಕೇ ಆಟಗಾರನ ಕಡೆಯ ಪ್ರೋಗ್ರಾಂ ಸರ್ವರ್‌ಗೆ ಕಾಯದೆ ಹೆಜ್ಜೆ ಇಟ್ಟುಬಿಡುತ್ತದೆ, ತಪ್ಪಿದ್ದರೆ ಆಮೇಲೆ ತಿದ್ದಿಕೊಳ್ಳುತ್ತದೆ. 1996ರ ಕ್ವೇಕ್‌ವರ್ಲ್ಡ್ ಎಂಬ ಶೂಟಿಂಗ್ ಆಟದ ಕಾಲದಿಂದಲೂ ಇದೇ ಉಪಾಯ. ಕೊನೆಯ ಮಾತು ಮಾತ್ರ ಸರ್ವರ್‌ನದೇ. ಆಟಗಾರನ ಮೆಷಿನ್ ಹೇಳಿದ್ದನ್ನೆಲ್ಲ ನಂಬಿದರೆ ಗೋಡೆಯೊಳಗೆ ತೂರುವವರು ಮರುದಿನವೇ ಹಾಜರು.

ಒಂದು ಬಗ್ ಬಗ್ಗೆ ಹೇಳಲೇಬೇಕು. ಆಟಗಾರರ ದೂರು ಒಂದೇ: "ಆಗಾಗ ಎಲ್ಲರೂ ಒಟ್ಟಿಗೆ ಜರ್ಕ್ ಹೊಡೀತಾರೆ." ನಮ್ಮ ಗ್ರಾಫಿನಲ್ಲಿ ಸರಾಸರಿ ಟಿಕ್ 9 ಮಿಲಿಸೆಕೆಂಡ್, ಎಲ್ಲಾ ಹಸಿರು. ಎರಡು ದಿನ ಸುಮ್ನೆ ನೆಟ್‌ವರ್ಕ್ ಮೇಲೆ ಗೂಬೆ ಕೂರಿಸಿದೆವು. ಮೂರನೇ ದಿನ ಸರಾಸರಿ ಬಿಟ್ಟು, ಪ್ರತಿ ನಿಮಿಷದ ಅತಿ ಕೆಟ್ಟ ಟಿಕ್ ಯಾವುದು ಎಂದು ನೋಡಿದೆ. 310 ಮಿಲಿಸೆಕೆಂಡ್! ಆರು ಟಿಕ್ ನುಂಗಿ ನೀರು ಕುಡಿದಿತ್ತು. ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್ ಇರಬೇಕು ಅಂದುಕೊಂಡೆ. ಅದರ ಲಾಗ್ (ನಡೆದದ್ದರ ದಾಖಲೆ) ತೆಗೆದರೆ ಪಾಪ, ಅದು ನಿರಪರಾಧಿ. ಕೊನೆಗೆ ಟಿಕ್‌ನ ಒಂದೊಂದು ಹಂತದ ಹಿಂದೆ ಮುಂದೆ ಸಮಯ ಅಳೆದೆ. ಸಿಕ್ಕಿದ್ದು ಒಂದೇ ಸಾಲು: ಆಟಗಾರ ಸತ್ತಾಗ ಬರೆಯುವ ಲಾಗ್. ಅದು ಟಿಕ್ ಓಡುವ ಥ್ರೆಡ್‌ನಲ್ಲೇ (ಪ್ರೋಗ್ರಾಂ ಒಳಗೆ ಒಂದಾದ ಮೇಲೊಂದು ಕೆಲಸ ನಡೆಯುವ ಸಾಲು), ನೇರವಾಗಿ ಡಿಸ್ಕ್‌ಗೆ ಬರೆಯುತ್ತಿತ್ತು. ಡಿಸ್ಕ್ ಬಿಡುವಾಗಿದ್ದರೆ ಏನೂ ತೊಂದರೆಯಿಲ್ಲ. ಬೇರೆ ಕೆಲಸದಲ್ಲಿದ್ದರೆ ಇಡೀ ಆಟ ಅದಕ್ಕಾಗಿ ನಿಂತು ಕಾಯುತ್ತಿತ್ತು. ಆ ಸಾಲು ಬರೆದವನು ನಾನೇ.

ಈಗ ಲಾಗ್ ಒಂದು ಕ್ಯೂಗೆ ಬೀಳುತ್ತದೆ, ಬೇರೆ ಥ್ರೆಡ್ ಅದನ್ನು ಡಿಸ್ಕ್‌ಗೆ ಬರೆಯುತ್ತದೆ. ಕ್ಯೂ ತುಂಬಿದರೆ ಲಾಗ್ ಬಿಸಾಡುತ್ತೇವೆ. ಲಾಗ್ ಹೋದರೆ ಹೋಗಲಿ, ಟಿಕ್ ತಪ್ಪಬಾರದು. ವೆಬ್ ಕಾಲದ ನನಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಿತ್ತು.

ಈ ಕೆಲಸಕ್ಕೆ ಆಟದಲ್ಲಿ ಪಳಗಿರಬೇಕಾ ಎಂದು ಜಾಸ್ತಿ ಜನ ಕೇಳುತ್ತಾರೆ. ನಾನು ಸಾಧಾರಣ ಆಟಗಾರ. ನನಗೆ ಅನ್ನ ಹಾಕಿದ್ದು ಕೋಡ್ ಎಲ್ಲಿ ಸಮಯ ತಿನ್ನುತ್ತದೆ ಎಂದು ತೋರಿಸುವ ಪ್ರೊಫೈಲರ್, ನೆಟ್‌ನಲ್ಲಿ ಹೋಗಿಬರುವುದನ್ನು ಹಿಡಿದಿಡುವ ಪ್ಯಾಕೆಟ್ ಕ್ಯಾಪ್ಚರ್, ಮನುಷ್ಯರ ಬದಲು ರಾತ್ರಿಯಿಡೀ ಆಡುವ ಬಾಟ್ ಪ್ರೋಗ್ರಾಂಗಳು. ಇನ್ನೊಂದು ಅಭ್ಯಾಸ: ಲಿನಕ್ಸ್‌ನಲ್ಲಿರುವ ನೆಟ್‌ಎಮ್ ಎಂಬ ಸಾಧನ ಹಾಕಿ ನನ್ನ ಮೆಷಿನ್‌ನ ನೆಟ್ಟನ್ನೇ ಕೆಡಿಸಿಕೊಳ್ಳುತ್ತೇನೆ. 150 ಮಿಲಿಸೆಕೆಂಡ್ ತಡ, ನೂರಕ್ಕೆ 5 ಪ್ಯಾಕೆಟ್ ನಾಪತ್ತೆ. ನಾನು ಬರೆದ ಆಟ ನನಗೇ ಹೀಗೆ ಸಿಗಲಿ ಅಂತ. ಅದನ್ನು ತೆಗೆಯಲು ಮರೆತು ಬ್ರೌಸರ್ ತೆರೆದು, ನೆಟ್ ಹೋಯ್ತು ಎಂದು ರೂಟರ್ ಆಫ್ ಮಾಡಿ ಆನ್ ಮಾಡಿದ್ದು ಎಷ್ಟು ಸಲವೋ.