ಪಾದದ ಮೂಳೆಗಳನ್ನು ಬೆರಳಲ್ಲೇ ಗುರುತಿಸುವುದು ಹೇಗೆ?

ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಎರಡೂ ಸೇರಿದರೆ 52. ಇಡೀ ಮೈಯಲ್ಲಿರುವುದೇ 206 ಮೂಳೆಗಳು. ಅಂದರೆ ನಾಲ್ಕರಲ್ಲಿ ಒಂದು ಭಾಗ ಪಾದಗಳಲ್ಲೇ ಇದೆ. ಪುಸ್ತಕದ ಚಿತ್ರದಲ್ಲಿ ಇವೆಲ್ಲ ಬಣ್ಣ ಹಚ್ಚಿಕೊಂಡು ಬಿಡಿಬಿಡಿಯಾಗಿ ಕಾಣುತ್ತವೆ. ಪುಟ ಮಗುಚಿದ ಕೂಡಲೇ ಮರೆತೂ ಹೋಗುತ್ತವೆ. ಅದಕ್ಕಿಂತ ಸ್ವಂತ ಪಾದವನ್ನೇ ಮುಟ್ಟಿ ನೋಡುವುದು ವಾಸಿ. ಪಾದದ ಮೇಲ್ಭಾಗದಲ್ಲೂ ಅಂಚುಗಳಲ್ಲೂ ಮಾಂಸ ಕಡಿಮೆ, ಹಾಗಾಗಿ ಮುಖ್ಯ ಗುರುತುಗಳೆಲ್ಲ ಬೆರಳಿಗೆ ಸಿಗುತ್ತವೆ. ಇವು ಒಮ್ಮೆ ಗೊತ್ತಾದರೆ, ಕಾಲು ಉಳುಕಿದ ದಿನ ನೋವು ಮೂಳೆಯದೋ ಅದರ ಪಕ್ಕದ್ದೋ ಎಂದು ಅಂದಾಜು ಮಾಡಲು ಬರುತ್ತದೆ.

ಬೇಕಾಗುವುದು ಒಂದು ಕುರ್ಚಿ, ಒಂದು ಸ್ಕೇಲ್, ತೊಳೆದರೆ ಹೋಗುವ ಸ್ಕೆಚ್ ಪೆನ್. ಬೆಳಿಗ್ಗೆ ಹೊತ್ತು ಒಳ್ಳೆಯದು. ಸಂಜೆಗೆ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಗುರುತುಗಳು ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಬಲ ಪಾದವನ್ನು ಎಡ ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಅಂಗಾಲೂ ಕಾಣುತ್ತದೆ, ಕೈಗೂ ಆರಾಮ.

1. ಎರಡು ಗಂಟುಗಳಿಂದ ಶುರು ಮಾಡಿ

ಪಾದದ ಕೀಲಿನ ಎರಡೂ ಪಕ್ಕ ಎದ್ದು ಕಾಣುವ ಗಂಟುಗಳಿವೆಯಲ್ಲ, ಅವುಗಳ ಕೆಳ ತುದಿಗೆ ಒಂದೊಂದು ಚುಕ್ಕೆ ಇಡಿ. ತಮಾಷೆ ಏನೆಂದರೆ ಇವೆರಡೂ ಪಾದದ ಮೂಳೆಗಳೇ ಅಲ್ಲ. ಒಳಗಂಟು ಮೊಣಕಾಲಿನಿಂದ ಇಳಿದು ಬರುವ ಟಿಬಿಯಾ ಮೂಳೆಯ ತುದಿ. ಹೊರಗಂಟು ಅದರ ಪಕ್ಕದ ಸಪೂರ ಮೂಳೆ ಫಿಬುಲಾದ ತುದಿ.

ಈಗ ಚುಕ್ಕೆಗಳನ್ನು ಹೋಲಿಸಿ. ಹೊರಗಿನದು ಜಾಸ್ತಿ ಕೆಳಗಿದೆ, ಸ್ವಲ್ಪ ಹಿಂದಕ್ಕೂ ಇದೆ. ಹೊರಗಡೆ ಮೂಳೆ ಹೀಗೆ ಉದ್ದಕ್ಕೆ ಇಳಿದು ಅಡ್ಡ ನಿಂತಿರುವುದರಿಂದ ಪಾದ ಹೊರಕ್ಕೆ ಸುಲಭವಾಗಿ ಹೊರಳುವುದಿಲ್ಲ. ಒಳಗಡೆಯ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟುವ ನಾರಿನ ಪಟ್ಟಿ, ಕೂಡ ಬಲು ಗಟ್ಟಿ. ಕಾಲು ಉಳುಕಿದಾಗ ಪಾದ ಸಾಮಾನ್ಯವಾಗಿ ಒಳಕ್ಕೇ ಮಡಚಿಕೊಂಡು ಹೊರಗಂಟಿನ ಕಡೆ ಊದಿಕೊಳ್ಳುವುದು ಇದಕ್ಕೇ.

ಎರಡು ಗಂಟುಗಳ ನಡುವೆ ಕೂತಿರುವ ಮೂಳೆ ಟೇಲಸ್. ಮೈಭಾರವೆಲ್ಲ ಪಾದಕ್ಕೆ ಇಳಿಯುವುದು ಇದರ ಮೂಲಕ. ಆದರೂ ಇದಕ್ಕೆ ಒಂದೇ ಒಂದು ಸ್ನಾಯು ಅಂಟಿಕೊಂಡಿಲ್ಲ. ಸುತ್ತಲಿನ ಮೂಳೆಗಳೂ ಲಿಗಮೆಂಟ್‌ಗಳೂ ಹಿಡಿದಿಟ್ಟಿರುವುದರಿಂದಲೇ ಅದು ಜಾಗ ಬಿಡದೆ ಕೂತಿದೆ. ಮುಟ್ಟಬೇಕಾದರೆ ಹೊರಗಂಟಿನ ಮುಂದುಗಡೆ, ಕೀಲಿನ ಮಡಿಕೆಯಲ್ಲಿ ಬೆರಳಿಡಿ. ಪಾದವನ್ನು ಕೆಳಕ್ಕೆ ಚಾಚಿ. ಗಟ್ಟಿಯಾದ ಅಂಚೊಂದು ಬೆರಳಿಗೆ ತಾಗುತ್ತದೆ. ಪಾದವನ್ನು ಮೇಲಕ್ಕೆ ಎಳೆದುಕೊಂಡರೆ ಅದು ಒಳಗೆ ಸರಿದು ಹೋಗುತ್ತದೆ.

2. ಹಿಮ್ಮಡಿಯನ್ನು ಹಿಡಿದು ಅಲ್ಲಾಡಿಸಿ

ಒಂದು ಕೈಯಲ್ಲಿ ಕಣಕಾಲನ್ನು ಬಿಗಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಹಿಮ್ಮಡಿಯನ್ನು ಎಡಕ್ಕೆ ಬಲಕ್ಕೆ ವಾಲಿಸಿ. ಈ ಅಲುಗಾಟ ಗಂಟುಗಳ ನಡುವಿನ ಕೀಲಿನದಲ್ಲ. ಅದು ಮುಖ್ಯವಾಗಿ ಮೇಲೆ ಕೆಳಗೆ ಆಡುವ ಕೀಲು. ಪಕ್ಕಕ್ಕೆ ವಾಲುವ ಕೀಲು ಅದರ ಕೆಳಗೆ, ಟೇಲಸ್ ಮತ್ತು ಹಿಮ್ಮಡಿ ಮೂಳೆಯ ನಡುವೆ ಇದೆ. ಕಲ್ಲುಮಣ್ಣಿನ ದಾರಿಯಲ್ಲಿ ನಾವು ಬೀಳದೆ ನಡೆಯಲು ಈ ಕೀಲು ಬೇಕೇ ಬೇಕು.

ಹಿಮ್ಮಡಿ ಮೂಳೆ ಅಂದರೆ ಕ್ಯಾಲ್ಕೇನಿಯಸ್. ಪಾದದಲ್ಲಿ ಎಲ್ಲಕ್ಕಿಂತ ದೊಡ್ಡದು. ಇದರ ಅಡಿಭಾಗದ ಚರ್ಮವನ್ನು ಚಿವುಟಿ ಎಳೆಯಲು ನೋಡಿ. ಬರುವುದಿಲ್ಲ. ಅಲ್ಲಿ ಕೊಬ್ಬು ಗಟ್ಟಿ ನಾರಿನ ಗೋಡೆಗಳ ನಡುವೆ ಪುಟ್ಟ ಪುಟ್ಟ ಕೋಣೆಗಳಲ್ಲಿ ತುಂಬಿಕೊಂಡಿದೆ. ಅದಕ್ಕೇ ಹೆಜ್ಜೆ ಊರಿದಾಗ ಕೊಬ್ಬು ಪಕ್ಕಕ್ಕೆ ಜಾರಿ ಹೋಗದೆ ಅಲ್ಲೇ ಅಮುಕಿ, ಅಲ್ಲೇ ಏಳುತ್ತದೆ.

ಹಿಮ್ಮಡಿಯ ಹಿಂದೆ ಮೇಲಕ್ಕೆ ಹೋಗುವ ದಪ್ಪ ಹುರಿ ಅಕಿಲೀಸ್ ಟೆಂಡನ್. ಮೈಯಲ್ಲೇ ಅತಿ ದಪ್ಪನೆಯ ಟೆಂಡನ್ ಇದು. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಗೆ ಕಟ್ಟಿರುವುದು ಇದೇ. ಒಬ್ಬರನ್ನು ಬೋರಲು ಮಲಗಿಸಿ, ಪಾದ ಮಂಚದಿಂದ ಹೊರಗಿರುವಂತೆ ಮಾಡಿ, ಮೀನಖಂಡವನ್ನು ಅಮುಕಿ ನೋಡಿ. ಅವರು ಏನೂ ಮಾಡದಿದ್ದರೂ ಪಾದ ತಾನಾಗಿಯೇ ಕೆಳಕ್ಕೆ ಚಾಚುತ್ತದೆ. ಈ ಟೆಂಡನ್ ಪೂರ್ತಿ ಹರಿದವರಲ್ಲಿ ಹಾಗೆ ಚಾಚುವುದಿಲ್ಲ. ಡಾಕ್ಟರುಗಳು ಮಾಡುವ ಪರೀಕ್ಷೆಯೂ ಇದೇ.

3. ಒಳ ಅಂಚು, ಕಮಾನಿನ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಪಾದದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

ಒಳಗಂಟಿನ ತುದಿಯಿಂದ ಓರೆಯಾಗಿ ಮುಂದಕ್ಕೆ, ಕೆಳಕ್ಕೆ ಸುಮಾರು ಎರಡು ಬೆರಳಿನಗಲ ಸರಿಯಿರಿ. ಒಂದು ಗಟ್ಟಿ ಉಬ್ಬು ಸಿಗುತ್ತದೆ. ಅದು ನ್ಯಾವಿಕ್ಯುಲರ್ ಮೂಳೆ. ಪೆನ್ನಿನಲ್ಲಿ ಗುರುತು ಹಾಕಿ. ಕುರ್ಚಿಯ ಮೇಲೆ ಕೂತು, ಭಾರ ಬಿಡದೆ ಪಾದವನ್ನು ನೆಲಕ್ಕೆ ತಾಗಿಸಿ, ನೆಲದಿಂದ ಗುರುತಿನವರೆಗಿನ ಎತ್ತರ ಅಳೆಯಿರಿ. ಆಮೇಲೆ ಎದ್ದು ನಿಂತು ಮತ್ತೆ ಅಳೆಯಿರಿ. ಬಗ್ಗಿ ಅಳೆಯಲು ಹೋದರೆ ಭಾರ ಆಚೀಚೆ ಆಗಿ ಲೆಕ್ಕ ತಪ್ಪುತ್ತದೆ, ಇನ್ನೊಬ್ಬರ ಕೈಯಲ್ಲಿ ಅಳೆಸಿ. ಗುರುತು ಕೆಳಗಿಳಿದಿರುತ್ತದೆ. ಇಳಿತ 10 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯ ಎಂದು ಲೆಕ್ಕ. ಇಳಿಯುವುದು ತಪ್ಪಲ್ಲ. ಹೆಜ್ಜೆಯ ಹೊಡೆತ ತಾಳಿಕೊಳ್ಳಬೇಕಾದರೆ ಕಮಾನು, ಅಂದರೆ ಒಳ ಅಂಚಿನಲ್ಲಿ ನೆಲ ಬಿಟ್ಟು ಬಾಗಿ ನಿಂತಿರುವ ಭಾಗ, ಬಗ್ಗಲೇಬೇಕು.

ಹಾಗಾದರೆ ಬಗ್ಗಿದ ಕಮಾನು ಮತ್ತೆ ಏಳುವುದು ಹೇಗೆ? ನೆಟ್ಟಗೆ ನಿಂತುಕೊಳ್ಳಿ. ಪಕ್ಕದಲ್ಲಿದ್ದವರಿಗೆ ನಿಮ್ಮ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಮಡಚಿ ಹಿಡಿಯಲು ಹೇಳಿ. ನೀವು ಬಲ ಹಾಕಬೇಡಿ, ಸುಮ್ನೆ ನಿಂತಿರಿ. ಪಾದದ ಒಳ ಅಂಚು ತಾನಾಗಿಯೇ ಮೇಲೇಳುತ್ತದೆ. ಕೂತುಕೊಂಡು ಬೆರಳು ಮಡಚಿದರೆ ಅಂಗಾಲಿನಲ್ಲಿ ಹಗ್ಗದಂಥದ್ದೊಂದು ಬಿಗಿಯುವುದು ಕೈಗೆ ಸಿಗುತ್ತದೆ. ಅದು ಪ್ಲಾಂಟಾರ್ ಫೇಶಿಯಾ. ಹಿಮ್ಮಡಿಯಿಂದ ಹೊರಟು ಐದೂ ಬೆರಳುಗಳ ಬುಡದವರೆಗೆ ಹೋಗುವ ಗಟ್ಟಿ ಪಟ್ಟಿ. ಮೂಳೆಗಳ ಕಮಾನು ಬಿಲ್ಲಾದರೆ ಇದು ಅದರ ಹೆದೆ. ಬೆರಳು ಮೇಲೆ ಮಡಚಿದರೆ ಹೆದೆ ಬಿಗಿಯುತ್ತದೆ, ಬಿಲ್ಲು ಇನ್ನಷ್ಟು ಬಾಗುತ್ತದೆ. ನಡೆಯುವಾಗ ಹಿಮ್ಮಡಿ ಎತ್ತಿದ ಪ್ರತಿ ಸಲವೂ ಬೆರಳುಗಳು ಹೀಗೇ ಮಡಚುತ್ತವೆ. ಅಲ್ಲಿಯವರೆಗೆ ಸಡಿಲವಾಗಿದ್ದ ಪಾದ ಆ ಕ್ಷಣಕ್ಕೆ ಗಟ್ಟಿಯಾಗಿ ಮೈಯನ್ನು ಮುಂದಕ್ಕೆ ತಳ್ಳುತ್ತದೆ. ಜೆ. ಎಚ್. ಹಿಕ್ಸ್ ಎಂಬ ಸರ್ಜನ್ 1954ರಲ್ಲಿ ಇದನ್ನು ವಿವರಿಸಿದರು.

ಇದೇ ಪರೀಕ್ಷೆ ಚಪ್ಪಟೆ ಪಾದದವರ ಭಯವನ್ನೂ ಕಡಿಮೆ ಮಾಡುತ್ತದೆ. ಒದ್ದೆ ಪಾದವನ್ನು ನೆಲದ ಮೇಲಿಟ್ಟಾಗ ಪೂರ್ತಿ ಅಂಗಾಲು ಮೂಡಿತೆಂದು ಹೆದರುವವರು ತುಂಬಾ ಜನ. ಹೆಬ್ಬೆರಳು ಮಡಚಿದಾಗ ಕಮಾನು ಮೂಡಿದರೆ, ನೋವೂ ಇಲ್ಲದಿದ್ದರೆ, ಅದು ಸಾಮಾನ್ಯವಾಗಿ ಕಾಯಿಲೆ ಅಲ್ಲ. ಪುಟ್ಟ ಮಕ್ಕಳ ಪಾದವಂತೂ ಚಪ್ಪಟೆಯಾಗೇ ಕಾಣುತ್ತದೆ. ಕಮಾನು ಬೆಳೆಯಲು ವರ್ಷಗಳು ಬೇಕು.

4. ಹೊರ ಅಂಚು

ಹಿಮ್ಮಡಿಯಿಂದ ಹೊರ ಅಂಚಿನಲ್ಲೇ ಕಿರುಬೆರಳಿನ ಕಡೆಗೆ ಬೆರಳು ಎಳೆಯುತ್ತಾ ಬನ್ನಿ. ಸರಿಸುಮಾರು ಅರ್ಧ ದಾರಿಯಲ್ಲಿ ಮೊನಚಾದ ಉಬ್ಬು ಎದುರಾಗುತ್ತದೆ. ಇದು ಐದನೇ ಮೆಟಾಟಾರ್ಸಲ್ ಮೂಳೆಯ, ಅಂದರೆ ಕಿರುಬೆರಳಿನ ಹಿಂದಿನ ಉದ್ದ ಮೂಳೆಯ ಬುಡ. ಹೊರಗಂಟಿನ ಹಿಂದಿನಿಂದ ಬರುವ ಒಂದು ಟೆಂಡನ್ ಇಲ್ಲಿಗೆ ಅಂಟಿದೆ. ಕಾಲು ಉಳುಕಿದಾಗ ಅದರ ಎಳೆತಕ್ಕೆ ಈ ತುದಿ ಕಿತ್ತು ಬರುವುದೂ ಉಂಟು. ಇದರಿಂದ ಸ್ವಲ್ಪ ಮುಂದೆ ಆಗುವ ಮುರಿತಕ್ಕೆ ಬ್ರಿಟನ್ನಿನ ಸರ್ಜನ್ ರಾಬರ್ಟ್ ಜೋನ್ಸ್ ಹೆಸರಿದೆ. ಅವರು 1902ರಲ್ಲಿ ಬರೆದ ಪ್ರಕರಣಗಳಲ್ಲಿ ಒಂದು ಅವರ ಪಾದದ್ದೇ. ಕುಣಿಯುವಾಗ ಮುರಿದುಕೊಂಡಿದ್ದರು!

5. ಪಾದದ ಮೇಲ್ಭಾಗ

ಪಾದವನ್ನು ನೆಲಕ್ಕಿಟ್ಟು ಹೆಬ್ಬೆರಳನ್ನು ಮಾತ್ರ ಮೇಲೆತ್ತಿ. ಮೇಲೆ ಒಂದು ಟೆಂಡನ್ ದಾರದಂತೆ ಎದ್ದು ನಿಲ್ಲುತ್ತದೆ. ಅದರ ಪಕ್ಕಕ್ಕೆ, ಕಿರುಬೆರಳಿನ ದಿಕ್ಕಿನಲ್ಲಿ, ಪಾದದ ನಡುವಿನಲ್ಲಿ ಎರಡು ಬೆರಳಿಟ್ಟು ನಾಡಿ ಹುಡುಕಿ. ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿದರೆ ನಾಡಿ ಅಮುಕಿಹೋಗುತ್ತದೆ. ಆರೋಗ್ಯವಾಗಿರುವ ಕೆಲವರಲ್ಲೂ ಇದು ಸಿಗುವುದಿಲ್ಲ. ಆಗ ಒಳಗಂಟಿನ ಹಿಂದೆ ಹುಡುಕಿ, ಅಲ್ಲಿ ಇನ್ನೊಂದಿದೆ.

ಹೊರಗಂಟಿನ ಮುಂದೆ ಪಾದದ ಮೇಲೆ ಒಂದು ಮೆತ್ತನೆಯ ದಿಬ್ಬವಿದೆ, ನೋಡಿದ್ದೀರಾ? ಉಳುಕಿದ ಮೇಲೆ ಎಷ್ಟೋ ಜನ ಇದನ್ನೇ ಊತ ಅಂದುಕೊಳ್ಳುತ್ತಾರೆ. ಕಾಲ್ಬೆರಳುಗಳನ್ನು ಮೇಲೆತ್ತಿ ಅದರ ಮೇಲೆ ಕೈಯಿಡಿ. ಗಟ್ಟಿಯಾದರೆ ಅದು ಬೆರಳುಗಳನ್ನು ಎತ್ತುವ ಪುಟ್ಟ ಸ್ನಾಯು. ಇನ್ನೊಂದು ಪಾದದಲ್ಲೂ ಅಷ್ಟೇ ದೊಡ್ಡದಿದೆಯೇ ಎಂದೂ ನೋಡಿಕೊಳ್ಳಿ.

6. ಬೆರಳುಗಳ ಲೆಕ್ಕ

ಹೆಬ್ಬೆರಳಿನಲ್ಲಿ 2 ಮೂಳೆ, ಉಳಿದ ನಾಲ್ಕರಲ್ಲಿ ಮೂರು ಮೂರು. ಒಟ್ಟು 14. ಅದರ ಹಿಂದೆ ಉದ್ದನೆಯ 5 ಮೆಟಾಟಾರ್ಸಲ್‌ಗಳು. ಅದಕ್ಕೂ ಹಿಂದೆ 7 ಮೂಳೆಗಳು: ಈಗಾಗಲೇ ಮುಟ್ಟಿದ ಮೂರು, ಮೂರು ಕ್ಯೂನಿಫಾರ್ಮ್, ಒಂದು ಕ್ಯೂಬಾಯ್ಡ್. ಲೆಕ್ಕ 26ಕ್ಕೆ ಸರಿಹೋಯಿತು. ಕಿರುಬೆರಳಿನ ಕೊನೆಯ ಎರಡು ಮೂಳೆಗಳು ಹಲವರಲ್ಲಿ ಕೂಡಿಕೊಂಡು ಒಂದೇ ಆಗಿರುತ್ತವೆ, ಅವರಿಗೆ ಲೆಕ್ಕ ಕಡಿಮೆ. ಹೆಬ್ಬೆರಳಿನ ಬುಡದಡಿ ಟೆಂಡನ್ ಒಳಗೇ ಕೂತಿರುವ ಎರಡು ಪುಟ್ಟ ಸೆಸಮಾಯ್ಡ್ ಮೂಳೆಗಳು ಈ 26ರಲ್ಲಿ ಸೇರಿಲ್ಲ.

7. ಉಳುಕಿದಾಗ ಈ ಗುರುತುಗಳನ್ನು ಬಳಸುವುದು

ಹೊರಗಂಟಿನ ಮುಂದೆ ಮೆತ್ತಗೆ ಒಳಕ್ಕೆ ಹೋಗುವ ತಗ್ಗಿದೆ. ಉಳುಕಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುವ ಲಿಗಮೆಂಟ್ ಇರುವುದು ಅಲ್ಲೇ. ಒತ್ತಿದಾಗ ಅಲ್ಲಿ ಮಾತ್ರ ನೋವಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ಕಡಿಮೆ. ಆದರೆ ಬೆರಳನ್ನು ಸ್ವಲ್ಪವೇ ಹಿಂದಕ್ಕೆ ಸರಿಸಿ, ಗಂಟಿನ ಮೂಳೆಯ ಮೇಲೇ ಒತ್ತಿದಾಗ ನೋವಾದರೆ ಕಥೆ ಬೇರೆ.

ಎಕ್ಸ್-ರೇ ಬೇಕೋ ಬೇಡವೋ ಎಂದು ತೀರ್ಮಾನಿಸಲು ಡಾಕ್ಟರುಗಳು ಬಳಸುವ ಒಂದು ನಿಯಮ ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡಿತು. ಅದು ಒತ್ತಿ ನೋಡಿ ಎನ್ನುವುದು ನಾಲ್ಕೇ ಜಾಗಗಳನ್ನು. ಹೊರಗಂಟಿನ ಹಿಂದಿನ ಅಂಚು ಮತ್ತು ತುದಿ. ಒಳಗಂಟಿನ ಹಿಂದಿನ ಅಂಚು ಮತ್ತು ತುದಿ. ನ್ಯಾವಿಕ್ಯುಲರ್. ಐದನೇ ಮೆಟಾಟಾರ್ಸಲ್‌ನ ಬುಡ. ನಾಲ್ಕೂ ಈಗ ನಿಮಗೆ ಗೊತ್ತು. ಗಂಟುಗಳಲ್ಲಿ ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೂ ಒತ್ತಿ ನೋಡಬೇಕು. ಇವುಗಳಲ್ಲಿ ಎಲ್ಲೇ ಮೂಳೆಯ ಮೇಲೆ ನೋವಾದರೂ ಎಕ್ಸ್-ರೇ ಬೇಕು. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಎರಡೂ ಸಲ ನಾಲ್ಕು ಹೆಜ್ಜೆ ಇಡಲು ಆಗದಿದ್ದರೂ ಬೇಕು. ಕುಂಟಿಕೊಂಡು ನಡೆದರೂ ನಡೆದಂತೆಯೇ ಲೆಕ್ಕ.

ತೀರಾ ಚಿಕ್ಕ ಮಕ್ಕಳಿಗೆ, ಕುಡಿದ ಅಮಲಿನಲ್ಲಿರುವವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಈ ನಿಯಮ ನಂಬಿಕೊಂಡು ಕೂರಬೇಡಿ. ಅವರಲ್ಲಿ ಒತ್ತಿದಾಗ ನೋವಿಲ್ಲ ಎಂದರೆ ಮೂಳೆ ಸರಿಯಿದೆ ಎಂದು ಅರ್ಥವಲ್ಲ. ನೇರವಾಗಿ ಡಾಕ್ಟರ ಬಳಿಗೆ ಕರೆದೊಯ್ಯಿರಿ.